ಣಕಾರವೂ ನನ್ನ ಬಿಡುವೂ

ತಾನು ಪಾಲಿಸದ ಬುದ್ಧಿಮಾತನ್ನು ಊರಿಗೆಲ್ಲ ಹೇಳುವವನಿಗೆ ನಾಚಿಕೆ ಎರಡು ಸಲ ಆಗಬೇಕು. ಹೇಳುವಾಗ ಒಂದು ಸಲ, ಯಾರೋ ಪುಣ್ಯಾತ್ಮರು ಅದನ್ನು ನಿಜವೆಂದು ನಂಬಿ ಹಾಗೆಯೇ ನಡೆದುಕೊಂಡಾಗ ಇನ್ನೊಂದು ಸಲ. ನನಗೆ ಮೊದಲನೆಯದು ಆಗಲಿಲ್ಲ. ಹೇಳುವಾಗ ನಾನು ಬಹಳ ಹುಮ್ಮಸ್ಸಿನಲ್ಲಿದ್ದೆ, ಅದನ್ನು ಟಪಾಲಿಗೆ ಹಾಕುವ ಮೊದಲು ಎರಡು ಸಲ ಓದಿ ಮೆಚ್ಚಿಕೊಂಡೂ ಇದ್ದೆ. ಎರಡನೆಯದು ಮಾತ್ರ ಆಯಿತು, ಮೊದಲನೆಯದರ ಪಾಲನ್ನೂ ಸೇರಿಸಿಕೊಂಡು ಆಯಿತು. ಅದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಹೇಳಿದರೆ ನಿಮಗೆ ನನ್ನ ಮೇಲಿನ ಗೌರವ ಕಡಿಮೆಯಾಗಬಹುದು. ಊಟಕ್ಕೂ ಗೌರವಕ್ಕೂ ನಡುವೆ ಯಾವುದನ್ನಾದರೂ ಆರಿಸಿಕೋ ಎಂದರೆ ನಾನು ಯಾವತ್ತೂ ತಡಮಾಡಿದವನಲ್ಲ.

ನಾನು ಸ್ವತಂತ್ರ ಲೇಖಕ. ಹಾಗೆಂದರೇನು ಎಂದು ಪಟ್ಟಣದವರಿಗೆ ವಿವರಿಸಬೇಕಾಗಿಲ್ಲ, ಹೊಸನಗರದವರಿಗೆ ವಿವರಿಸಿ ಪ್ರಯೋಜನವಿಲ್ಲ. ನಮ್ಮೂರಿನಲ್ಲಿ ಮನುಷ್ಯರು ಎರಡೇ ಬಗೆ: ಕಚೇರಿಗೆ ಹೋಗುವವರು, ಕಚೇರಿಯ ಮುಂದೆ ಕಾಯುವವರು. ನಾನು ಎರಡೂ ಅಲ್ಲ. ಬಸ್ಸು ನಿಲ್ಲುವ ಕಟ್ಟೆಯಲ್ಲಿ ಯಾರಾದರೂ ಸಿಕ್ಕಿ, "ಈಗ ಎಂತ ಮಾಡ್ಕಂಡಿದ್ದೀರಿ?" ಎಂದು ಕೇಳುತ್ತಾರೆ. "ಬರೀತಾ ಇದ್ದೀನಿ" ಎನ್ನುತ್ತೇನೆ. "ಅದು ಸರಿ, ಕೆಲಸ ಎಂತದು?" ಎನ್ನುತ್ತಾರೆ. ಬರೆಯುವುದೇ ಕೆಲಸ ಎಂದರೆ ಅವರು "ಹಂಗಾದ್ರೆ ಬಿಡುವು ಅನ್ನಿ" ಎಂದು ಸಮಾಧಾನ ಹೇಳುವಂತೆ ಹೇಳಿ, ಒಂದು ಅರ್ಜಿ ಬರೆದುಕೊಡಲು ಕಾಗದ ಮುಂದೆ ಹಿಡಿಯುತ್ತಾರೆ. ಹೀಗೆ ನಾನು ಊರಿನ ಅರ್ಜಿಗಳನ್ನು, ಮದುವೆಯ ಆಹ್ವಾನಗಳನ್ನು, ವರ್ಗವಾಗಿ ಹೋಗುವ ಅಧಿಕಾರಿಗಳಿಗೆ ಚೌಕಟ್ಟು ಹಾಕಿಸಿ ಕೊಡುವ ಬಿನ್ನವತ್ತಳೆಗಳನ್ನು ಬರೆದುಕೊಡುತ್ತ, ಉಳಿದ ಹೊತ್ತಿನಲ್ಲಿ ಮಾಸಪತ್ರಿಕೆಗಳಿಗೆ ಲೇಖನ ಕಳಿಸುತ್ತ, ಇವೆರಡರ ನಡುವೆ ನಿದ್ದೆ ಮಾಡುತ್ತ ಬದುಕಿದ್ದೇನೆ.

ಇಂಥ ನನಗೆ ಒಬ್ಬ ಸಂಪಾದಕರು, ವಿರಾಮಕಾಲವನ್ನು ಫಲಪ್ರದವಾಗಿ ಕಳೆಯುವುದು ಹೇಗೆಂದು ಒಂದು ಲೇಖನ ಬರೆದು ಕಳಿಸಿ ಎಂದು ಕಾರ್ಡು ಹಾಕಿದರು. ಯುದ್ಧದ ಕಾಲ, ಕಾಗದಕ್ಕೆ ಬರ, ನಾಲ್ಕು ಪುಟ ಮೀರಬಾರದು ಎಂದೂ ಬರೆದಿದ್ದರು. ನನ್ನ ಹೆಂಡತಿ ಭವಾನಿ ಆ ಕಾರ್ಡನ್ನು ಓದಿ, ತಿರುಗಿಸಿ, ವಿಳಾಸ ನಮ್ಮದೇ ಹೌದೋ ಎಂದು ನೋಡಿ, ನನ್ನ ಕೈಗೆ ಕೊಟ್ಟಳು.

ಇಷ್ಟಕ್ಕೇ ನಿಂತಿದ್ದರೆ ಇದು ನಗುವ ಕಥೆಯಾಗುತ್ತಿತ್ತು. ಆದರೆ ಅದೇ ವಾರ ನಮ್ಮ ಕನ್ನಡ ಶಾಲೆಯ ಹಳೆಯ ವಿದ್ಯಾರ್ಥಿಗಳು ನಾಲ್ಕು ಜನ, ಪೋಸ್ಟ್ ಮಾಸ್ತರರನ್ನು ಮುಂದೆ ಮಾಡಿಕೊಂಡು, ನಮ್ಮ ಮನೆಗೆ ಬಂದರು. ಗುಣಪಾಲಯ್ಯ ಮೇಷ್ಟ್ರು ಇನ್ನು ನಾಲ್ಕು ತಿಂಗಳಿಗೆ ನಿವೃತ್ತರಾಗುತ್ತಾರೆ, ಒಂದು ಸಭೆ ಮಾಡಬೇಕೆಂದಿದ್ದೇವೆ ಎಂದರು. "ಮೇಷ್ಟ್ರನ್ನ ಎಂತ ಬೇಕು ಅಂತ ಕೇಳಿದ್ವಿ. ಹಾರ ಬೇಡ, ಶಾಲು ಬೇಡ ಅಂದ್ರು. ಗಣಪತಿ ಒಂದು ಪದ್ಯ ಬರ್ದುಕೊಡ್ತೀನಿ ಅಂದಿದ್ದ, ಅದೊಂದು ಇದ್ರೆ ಸಾಕು ಅಂದ್ರು" ಎಂದರು ಪೋಸ್ಟ್ ಮಾಸ್ತರರು. ಗಣಪತಿ ಎಂದರೆ ನಾನು. ಬರೆದುಕೊಡುತ್ತೇನೆ ಎಂದು ನಾನು ಹೇಳಿದ್ದು ಹತ್ತು ವರ್ಷದ ಹುಡುಗನಾಗಿದ್ದಾಗ.

ಈ ಮಾತಿನ ತೂಕ ನಿಮಗೆ ತಿಳಿಯಬೇಕಾದರೆ ನಮ್ಮ ಮೇಷ್ಟರ ಒಂದು ಪದ್ಧತಿಯನ್ನು ಹೇಳಬೇಕು. ಗುಣಪಾಲಯ್ಯನವರದು ಊರಿನಲ್ಲಿ ಬಹಳ ಹಿಂದಿನಿಂದ ನೆಲೆಸಿದ ಜೈನ ಮನೆತನ. ಅಣ್ಣತಮ್ಮಂದಿರು ಅಂಗಡಿ ಇಟ್ಟುಕೊಂಡರು, ಇವರೊಬ್ಬರು ಬಳಪ ಹಿಡಿದರು. ಮೂವತ್ತೈದು ವರ್ಷ ಅದೇ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದರು. ನಾಲ್ಕನೆಯ ತರಗತಿ ಮುಗಿಸಿ ಶಾಲೆ ಬಿಡುವ ಪ್ರತಿಯೊಂದು ಮಗುವಿಗೂ ಅವರು ತಮ್ಮ ದುಂಡಕ್ಷರದಲ್ಲಿ ಒಂದು ಪುಟ್ಟ ಪದ್ಯ ಬರೆದುಕೊಡುತ್ತಿದ್ದರು. ಸಾಲುಗಳ ಮೊದಲಕ್ಷರಗಳನ್ನು ಮೇಲಿಂದ ಕೆಳಗೆ ಓದಿದರೆ ಆ ಮಗುವಿನ ಹೆಸರು ಬರುತ್ತಿತ್ತು. ಓದಿಸುವ ರೀತಿಯೂ ಒಂದೇ. ಮಗುವಿನ ತೋರುಬೆರಳನ್ನು ಹಿಡಿದು, ಹಾಳೆಯ ಎಡ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ಮೆಲ್ಲಗೆ ಇಳಿಸುತ್ತಿದ್ದರು. ತನ್ನ ಹೆಸರು ತನ್ನ ಬೆರಳಿನ ಕೆಳಗೆ ಮೂಡುವುದನ್ನು ಕಂಡ ಮಗು ನಗುತ್ತಿತ್ತು. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಆ ಹಾಳೆಗಳು ಇವತ್ತೂ ಪೆಟ್ಟಿಗೆಯ ತಳದಲ್ಲಿವೆ. ಕಚೇರಿಯ ಗುಮಾಸ್ತರಿಂದ ಹಿಡಿದು ಸಂತೆಯಲ್ಲಿ ಬೆಲ್ಲ ಮಾರುವವರವರೆಗೆ, ಯಾವ ಪದ್ಯ ಕೈಗೆ ಸಿಕ್ಕರೂ ಮೊದಲು ಎಡ ಅಂಚಿನಲ್ಲಿ ಬೆರಳು ಇಳಿಸಿ ನೋಡುವ ಅಭ್ಯಾಸ ನಮ್ಮೂರಿನಲ್ಲಿ ಮಾತ್ರ ಇರುವುದು ಹೀಗೆ. ಈ ಅಭ್ಯಾಸವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ನನಗೆ ಮಾತ್ರ ಪದ್ಯ ಸಿಗಲಿಲ್ಲ. ಗಣಪತಿಯಲ್ಲಿ ಎರಡನೆಯ ಅಕ್ಷರ ಣ. ಕನ್ನಡದಲ್ಲಿ ಣಕಾರದಿಂದ ಶುರುವಾಗುವ ಪದವೇ ಇಲ್ಲ. ಅಕ್ಷರಮಾಲೆ ಕಲಿಸುವಾಗಲೂ ಅ ಅಂದರೆ ಅರಸ, ಆ ಅಂದರೆ ಆನೆ ಎಂದು ಹೇಳುತ್ತ ಬಂದು, ಣ ಬಂದಾಗ ಬಾಣ ಎಂದು ಬೇರೆಯವರ ಹಿಂದೆ ನಿಲ್ಲಿಸಬೇಕು. ಎಲ್ಲರ ಕೈಯಲ್ಲೂ ಹಾಳೆ, ನನ್ನ ಕೈ ಖಾಲಿ. ನಾನು ಅತ್ತೆ. ಮೇಷ್ಟ್ರು ಪಕ್ಕದಲ್ಲಿ ಕೂತು, "ಣ ಮುಂದೆ ನಿಲ್ಲೋ ಅಕ್ಷರ ಅಲ್ಲ ಮಾರಾಯ. ನನ್ನ ಹೆಸರಲ್ಲೂ ಎರಡನೇದು ಅದೇ. ನನಗೂ ಯಾರೂ ಬರ್ದುಕೊಟ್ಟಿಲ್ಲ" ಎಂದರು. ಒಂದು ದಾರಿಯಿತ್ತು ಎಂದು ಈಗ ನನಗೆ ಗೊತ್ತು. ಹಿಂದಿನ ಸಾಲಿನ ಕೊನೆಯ ಪದವನ್ನು ಅರ್ಧಕ್ಕೆ ಮುರಿದು, ಉಳಿದರ್ಧವನ್ನು ಮುಂದಿನ ಸಾಲಿಗೆ ಇಳಿಸಬಹುದು. ಹಳೆಯ ಷಟ್ಪದಿಗಳಲ್ಲಿ ಅದು ಧಾರಾಳವಾಗಿ ಉಂಟು. ಆದರೆ ನಮ್ಮ ಮೇಷ್ಟರ ಶಾಲೆಯಲ್ಲಿ ಸಾಲಿನ ಕೊನೆಯಲ್ಲಿ ಪದ ಮುರಿದರೆ ಬೆರಳಿನ ಗೆಣ್ಣಿಗೆ ರೂಲುದೊಣ್ಣೆಯ ಏಟು. ಜಾಗ ಸಾಲದಿದ್ದರೆ ಇಡೀ ಪದವನ್ನು ಕೆಳಗೆ ತಗೊಂಡು ಹೋಗು, ಮುರೀಬೇಡ ಎನ್ನುತ್ತಿದ್ದರು. ಹಾಗಾಗಿ ಆ ದಾರಿ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ನಾನು ಮೂಗು ಒರೆಸಿಕೊಂಡು, "ನಾನು ದೊಡ್ಡವನಾದ ಮೇಲೆ ನಿಮಗೆ ಬರ್ದುಕೊಡ್ತೀನಿ ಮೇಷ್ಟ್ರೆ" ಎಂದೆ. "ಬರೀ. ಬಿಡುವು ಮಾಡ್ಕಂಡು ಬರೀ" ಎಂದರು ಅವರು, ಬಹಳ ಗಂಭೀರವಾಗಿ.

ಈಗ ನಾಲ್ಕು ತಿಂಗಳಿತ್ತು. ನಾಲ್ಕು ತಿಂಗಳಲ್ಲಿ ಐದಾರು ಸಾಲು. ಯಾರು ಬೇಕಾದರೂ ಬರೆಯಬಹುದು ಎನ್ನುತ್ತೀರಿ. ಬರೆಯಬಹುದಿತ್ತು, ನನಗೆ ಬಿಡುವಿದ್ದಿದ್ದರೆ. ನಾನು ಬಿಡುವಿನ ಸದುಪಯೋಗದ ಲೇಖನದಲ್ಲಿ ಮುಳುಗಿಬಿಟ್ಟಿದ್ದೆ.

ಅನುಭವವಿಲ್ಲದೆ ಬರೆಯಬಾರದೆಂಬುದು ನನ್ನ ನಿಯಮ. ಆದ್ದರಿಂದ ಮೊದಲು ವೇಳಾಪಟ್ಟಿ ಮಾಡಿದೆ. ಕೆಂಪು, ನೀಲಿ, ಕಪ್ಪು, ಹೀಗೆ ಮೂರು ಮಸಿಯಲ್ಲಿ ಗೆರೆ ಎಳೆದು ಬರೆಯಲು ಮೂರು ದಿನ ಹಿಡಿಯಿತು. ಬೆಳಗ್ಗೆ ಆರರಿಂದ ಏಳು, ಚಿಂತನೆ. ಏಳರಿಂದ ಎಂಟು, ಚಿಂತನೆಯ ಟಿಪ್ಪಣಿ. ಗೋಡೆಗೆ ಅಂಟಿಸಿದ ಮೊದಲ ದಿನವೇ ನಾನು ಚಿಂತನೆಗೆ ಕೂತಿದ್ದಾಗ ಭವಾನಿ ಬಂದು ಪಟ್ಟಿಯನ್ನು ಓದಿ, "ಬಿಡುವು ಇದ್ದು ಹೇಳಾದ್ರೆ ಈ ಕಾಯಿ ತುರಿದು ಕೊಡಿ" ಎಂದಳು. ಇದು ಬಿಡುವಲ್ಲ, ಬಿಡುವಿನ ಉಪಯೋಗ ಎಂದು ನಾನು ವಿವರಿಸಿದೆ. ಅವಳು ಕಾಯಿಯನ್ನು ನನ್ನ ಪಕ್ಕದಲ್ಲೇ ಇಟ್ಟು ಹೋದಳು. ಲೇಖನದ ಎರಡನೆಯ ಪುಟದಲ್ಲಿ "ಕೈಗೆ ಕೆಲಸ ಕೊಟ್ಟಾಗ ಮನಸ್ಸು ಮುಕ್ತವಾಗುತ್ತದೆ" ಎಂಬ ವಾಕ್ಯ ಬಂದದ್ದು ಹಾಗೆ.

ಆಮೇಲೆ ಬಸ್ಸಿಗೆ ಕಾಯುವ ಹೊತ್ತಿನ ಸದುಪಯೋಗವನ್ನು ಪರೀಕ್ಷಿಸಿದೆ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನಲ್ಲಿ ಓಡುತ್ತಿದ್ದ ಕಾಲ. ಸಾಗರದಿಂದ ಬರುವ ಬಸ್ಸು ಬಂದರೆ ಬಂತು. ಹಾಗಾಗಿ ಕಾಯುವ ಹೊತ್ತಿಗೆ ಕೊರತೆಯಿರಲಿಲ್ಲ. ತಕಲಿ ಹಿಡಿದು ನೂಲುವುದನ್ನು ಕಲಿತೆ. ನೂಲಿಗಿಂತ ಗಂಟು ಹೆಚ್ಚಾಗಿ, ಅದನ್ನು ಬಿಡಿಸಲು ಕಟ್ಟೆಯಲ್ಲಿ ಕಾಯುತ್ತಿದ್ದ ಇನ್ನಿಬ್ಬರ ವಿರಾಮಕಾಲವೂ ಸದುಪಯೋಗವಾಯಿತು. ಹಿಂದಿ ಕಲಿಯಲು ಒಂದು ಪುಸ್ತಕ ತರಿಸಿದೆ. ಅದರ ಮೊದಲ ಪಾಠದ ಮೂರು ವಾಕ್ಯಗಳು ನನಗೆ ಇವತ್ತಿಗೂ ಬಾಯಿಪಾಠ, ಅವುಗಳಿಂದ ಯಾರ ಜೊತೆ ಏನು ಮಾತಾಡಬಹುದೆಂದು ಮಾತ್ರ ಗೊತ್ತಾಗಿಲ್ಲ. ಈ ಎಲ್ಲದರ ನಡುವೆ ತಿಂಗಳಿಗೊಮ್ಮೆ ಪೋಸ್ಟ್ ಮಾಸ್ತರರು ಎದುರಾಗಿ, "ಪದ್ಯ?" ಎನ್ನುತ್ತಿದ್ದರು. "ಮನಸ್ಸಿನಲ್ಲಿ ಆಗ್ತಾ ಇದೆ" ಎನ್ನುತ್ತಿದ್ದೆ. ಮನೆಯಲ್ಲಿ ಭವಾನಿ, "ಮೇಷ್ಟ್ರ ಪದ್ಯ ಎಂತಾತು?" ಎಂದು ಕೇಳುತ್ತಿದ್ದಳು. ಅವಳಿಗೆ ಮನಸ್ಸಿನಲ್ಲಿ ಆಗುತ್ತಿದೆ ಎಂದು ಹೇಳುವಂತಿರಲಿಲ್ಲ. ನನ್ನ ಮನಸ್ಸು ಅವಳಿಗೆ ಗೊತ್ತಿತ್ತು.

ಲೇಖನ ಮುಗಿಸಿ ಟಪಾಲಿಗೆ ಹಾಕಿದೆ. ಅದರ ಕೊನೆಯ ಪುಟದಲ್ಲಿ ಎರಡು ಸೂತ್ರಗಳನ್ನು ದಪ್ಪ ಅಕ್ಷರದಲ್ಲಿ ಹಾಕಬೇಕೆಂದು ಅಡಿಗೆರೆ ಎಳೆದಿದ್ದೆ. ಒಂದು: ವಿರಾಮ ದೊರೆತ ಕೂಡಲೆ ಹೊಸದನ್ನು ಹುಡುಕದೆ, ಬಹುಕಾಲದಿಂದ ಅರ್ಧಕ್ಕೆ ನಿಂತಿರುವ ಕೆಲಸವನ್ನು ಮೊದಲು ಮುಗಿಸಬೇಕು. ಎರಡು: ಒಮ್ಮೆ ಮಾಡಿದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡದೆ, ಇದ್ದುದನ್ನೇ ತುಸು ತಿದ್ದಿ ಬಳಸುವುದು ಜಾಣತನ. ಮೊದಲನೆಯದನ್ನು ನಾನು ಬರೆದು ಅಲ್ಲಿಗೇ ಬಿಟ್ಟೆ. ಎರಡನೆಯದನ್ನು ಪಾಲಿಸಿದೆ.

ಸಭೆಗೆ ಎಂಟು ದಿನ ಉಳಿದಿತ್ತು. ಸಾಗರದ ಅಚ್ಚುಕೂಟಕ್ಕೆ ಮರುದಿನದ ಬಸ್ಸಿನಲ್ಲಿ ಪದ್ಯ ಹೋಗದಿದ್ದರೆ ಸಮಯಕ್ಕೆ ಅಚ್ಚಾಗುವುದಿಲ್ಲ ಎಂದು ಪೋಸ್ಟ್ ಮಾಸ್ತರರು ಹೇಳಿಹೋದರು. ನಾನು ಕಾಗದ ಮುಂದಿಟ್ಟುಕೊಂಡು ಗು ಎಂದು ಬರೆದೆ. ಕೆಳಗೆ ಣ ಎಂದು ಬರೆದೆ. ಣಕಾರವನ್ನು ಬಹಳ ಹೊತ್ತು ನೋಡಿದೆ. ಅದೂ ನನ್ನನ್ನು ನೋಡಿತು. ಆಮೇಲೆ ಎದ್ದು ಪೆಟ್ಟಿಗೆಯಿಂದ ಹಳೆಯ ಬಿನ್ನವತ್ತಳೆಗಳ ಕಟ್ಟನ್ನು ತೆಗೆದೆ. ಹಿಂದಿನ ವರ್ಷ ವರ್ಗವಾಗಿ ಹೋದ ತಾಲ್ಲೂಕಿನ ಅಮಲ್ದಾರರಿಗೆ ನಾನು ಬರೆದ ಒಂದು ಷಟ್ಪದಿ ಅದರಲ್ಲಿತ್ತು. ನನ್ನ ಪದ್ಯಗಳಲ್ಲೇ ಒಳ್ಳೆಯದು. ಅದಕ್ಕೆ ನಾನು ಮೂರು ದಿನ ಕಷ್ಟಪಟ್ಟಿದ್ದೆ. ಅವರು ನಮ್ಮೂರಿನಲ್ಲಿದ್ದದ್ದು ಹನ್ನೊಂದು ತಿಂಗಳು. ಶಾಲೆಯ ಮಾಡಿಗೆ ಹಂಚು ಬೇಕೆಂದು ಕೇಳಲು ಹೋದ ಗುಣಪಾಲಯ್ಯ ಮೇಷ್ಟರನ್ನು ಅವರು ಕಚೇರಿಯ ಜಗಲಿಯಲ್ಲಿ ಮಧ್ಯಾಹ್ನದವರೆಗೆ ನಿಲ್ಲಿಸಿ, ನಾಳೆ ಬಾ ಎಂದು ಕಳಿಸಿದ್ದು ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಅವರಿಗೆ ಮೂರು ದಿನ ಕೂತು ಬರೆದೆ, ಅವರು ಅಮಲ್ದಾರರು ಎಂಬ ಒಂದೇ ಕಾರಣಕ್ಕೆ. ಮೇಷ್ಟರಿಗೆ ಕೊಟ್ಟದ್ದು ಅರ್ಧ ಗಂಟೆ.

ಆ ಅರ್ಧ ಗಂಟೆಯಲ್ಲಿ ನಾನು ತೋರಿಸಿದ ಚಾತುರ್ಯವನ್ನು ಹೇಳಲು ಈಗ ನಾಲಿಗೆ ತಡವರಿಸುತ್ತದೆ. ನಾಲ್ಕನೆಯ ಸಾಲಿನ ನಡುವಿನಲ್ಲಿದ್ದ ಅಮಲ್ದಾರರ ಹೆಸರು ತೆಗೆದು ಗುಣಪಾಲಯ್ಯ ಎಂದು ಹಾಕಿದೆ. ಒಂದು ಮಾತ್ರೆ ಕಡಿಮೆ ಬಿತ್ತು, ಹ್ರಸ್ವವೊಂದನ್ನು ದೀರ್ಘ ಮಾಡಿದೆ. "ಕಂದಾಯವ" ಎಂದಿದ್ದಲ್ಲಿ "ಕಂದಮ್ಮರ" ಎಂದು ತಿದ್ದಿದೆ. "ಕುದುರೆಯೇರಿ" ಎಂದಿದ್ದಲ್ಲಿ "ಪಾಠ ಹೇಳಿ" ಎಂದು ಬರೆದೆ. ದೂರದಿಂದ ನೋಡಿದರೆ ಮೇಷ್ಟರಿಗಾಗಿಯೇ ಹುಟ್ಟಿದ ಪದ್ಯದಂತಿತ್ತು. ಸಾಲುಗಳ ಮೊದಲ ಪದಗಳು ಚೆನ್ನಾಗಿದ್ದವು, ಅವನ್ನು ಮುಟ್ಟಲಿಲ್ಲ. ಣಕಾರದ ಮಾತು ಮೇಷ್ಟರಿಗೆ ಎಲ್ಲಿ ನೆನಪಿರುತ್ತದೆ, ವಯಸ್ಸಾಯಿತು, ಪದ್ಯವೊಂದು ಇದ್ದರಾಯಿತು ಎಂದುಕೊಂಡೆ. ಅಮಲ್ದಾರರಿಗೆ ಆ ಪದ್ಯವನ್ನು ಯಾವ ಕ್ರಮದಲ್ಲಿ ಬರೆದಿದ್ದೆ ಎಂಬುದು ನನ್ನ ತಲೆಯಲ್ಲೇ ಇರಲಿಲ್ಲ. ಮರುದಿನ ಬೆಳಗ್ಗೆ ಬಸ್ಸಿನ ಕಂಡಕ್ಟರನ ಕೈಗೆ ಲಕೋಟೆ ಕೊಟ್ಟು, ತಕಲಿ ಹಿಡಿದು ಕೂತೆ.

ಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ ನಡೆಯಿತು. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಮಕ್ಕಳು ಕೂರುವ ಮಣೆಯ ಎತ್ತರಕ್ಕೆ ಒಗ್ಗಿದ ಮನುಷ್ಯ ಕುರ್ಚಿಯಲ್ಲಿ ಕೂರಬೇಕಾಗಿ ಬಂದಾಗ ಹೇಗೆ ಕೂರುತ್ತಾರೋ ಹಾಗೆ ಕೂತಿದ್ದರು. ಸಹಾಯಕ ಮೇಷ್ಟ್ರು ಪದ್ಯವನ್ನು ರಾಗವಾಗಿ ಓದಿದರು. ಚೆನ್ನಾಗಿ ಓದಿದರು. ಚಪ್ಪಾಳೆಯಾಯಿತು. ಆಮೇಲೆ ಗಾಜು ಹಾಕಿಸಿದ ಚೌಕಟ್ಟನ್ನು ಮೇಷ್ಟರ ಕೈಗಿತ್ತು, ಅಚ್ಚಾದ ಹಾಳೆಗಳನ್ನು ಸಭೆಗೆ ಹಂಚಿದರು. ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ನೋಡಿ ನಕ್ಕು, ತೋರುಬೆರಳನ್ನು ಎಡ ಅಂಚಿನಲ್ಲಿ, ಮೇಲಿನ ಸಾಲಿನ ತುದಿಯಲ್ಲಿ ಇಟ್ಟರು.

ಆಗ ನನಗೆ ಎಲ್ಲ ನೆನಪಾಯಿತು. ಅಮಲ್ದಾರರ ಹೆಸರು ನರಸಿಂಹರಾಯ. ಆರು ಅಕ್ಷರ, ಷಟ್ಪದಿಗೆ ಆರು ಸಾಲು. ಹೇಳಿ ಮಾಡಿಸಿದ ಹಾಗಿದೆ ಎಂದು ಅವತ್ತು ನಾನು ಬೀಗಿದ್ದೆ. ಮೇಷ್ಟರ ಬೆರಳು ನ ಮೇಲಿತ್ತು. ರ ಗೆ ಇಳಿಯಿತು. ಸಿಂ ಗೆ ಬಂದು ಒಂದು ಗಳಿಗೆ ನಿಂತಿತು. ಅಲ್ಲಿಗೇ ಬಿಡುತ್ತಾರೆ ಎಂದು ನಾನು ದೇವರನ್ನು ಬೇಡಿಕೊಂಡೆ. ಬಿಡಲಿಲ್ಲ, ಮಗುವಿಗೆ ಓದಿಸುವಷ್ಟೇ ನಿಧಾನವಾಗಿ ಹ, ರಾ, ಯ ಎಂದು ಕೊನೆಯವರೆಗೂ ಇಳಿಸಿದರು. ಅವರ ಮುಖ ನೋಡಲಾರದೆ ಸಭೆಯ ಕಡೆ ತಿರುಗಿದೆ. ತಿರುಗಬಾರದಿತ್ತು. ಮೂವತ್ತೈದು ವರ್ಷದ ಶಿಷ್ಯರೆಲ್ಲ ಅಲ್ಲಿದ್ದರು, ಎಲ್ಲರ ಕೈಯಲ್ಲೂ ಹಾಳೆಯಿತ್ತು, ಎಲ್ಲರ ಬೆರಳೂ ಎಡ ಅಂಚಿನಲ್ಲಿ ಇಳಿಯುತ್ತಿತ್ತು. ಗುಮಾಸ್ತರು, ಅಂಗಡಿಯವರು, ಬೆಲ್ಲದವರು. ಪೋಸ್ಟ್ ಮಾಸ್ತರರು ಕೆಳಗಿನ ಸಾಲಿಗೆ ಬಂದು, ಮತ್ತೆ ಮೇಲಿಂದ ಒಂದು ಸಲ ಇಳಿಸಿ, ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಹೆಂಗಸರ ಕಡೆ ಕೂತಿದ್ದ ಭವಾನಿ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದಳು. ಅವಳು ಈ ಊರಿನ ಶಾಲೆಯಲ್ಲಿ ಕಲಿತವಳಲ್ಲ. ಆದರೆ ಪಕ್ಕದವರ ಬೆರಳನ್ನು ನೋಡಿಯೇ ಅವಳಿಗೆ ಗೊತ್ತಾಗಿತ್ತು.

ಮೇಷ್ಟ್ರು ಎದ್ದು ನಾಲ್ಕು ಮಾತಾಡಿದರು. "ಪದ್ಯ ಬರೆದ ಗಣಪತಿ ನನ್ನ ಶಿಷ್ಯ. ಛಂದಸ್ಸು ಎಲ್ಲೂ ತಪ್ಪಿಲ್ಲ. ಒಂದಕ್ಷರನೂ ಹೆಚ್ಚುಕಮ್ಮಿ ಇಲ್ಲ" ಎಂದರು. ಅವರು ಚುಚ್ಚಿ ಮಾತಾಡುವವರಲ್ಲ. ತಪ್ಪು ಮಾಡಿದ ಹುಡುಗನ ಸ್ಲೇಟಿನಲ್ಲಿ ಸರಿಯಿದ್ದದ್ದನ್ನು ಮೊದಲು ಹೇಳುವುದು ಅವರ ಕ್ರಮ. ನಾನು ನೆಲ ನೋಡುತ್ತ ಕೂತಿದ್ದೆ. ಮನೆಗೆ ಬರುವ ದಾರಿಯಲ್ಲಿ ಭವಾನಿ, "ಅಮಲ್ದಾರ್ರ ಪದ್ಯ ಅಲ್ದಾ ಅದು?" ಎಂದು ಒಂದೇ ಒಂದು ಸಲ ಕೇಳಿದಳು. ಹೌದೆಂದೆ. ಆಮೇಲೆ ಮೂರು ದಿನ ಅವಳು ಊಟಕ್ಕೆ ಎಬ್ಬಿಸುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ನಾಲ್ಕನೆಯ ದಿನ ನಾನು ಊರು ಬಿಟ್ಟೆ. ಮೊದಲು ಸಾಗರಕ್ಕೆ ಹೋದೆ, ಅಚ್ಚುಕೂಟದವರಿಗೆ ಹೇಳಿ ತಪ್ಪನ್ನು ಅವರ ತಲೆಗೆ ಕಟ್ಟಬಹುದೇನೋ ಎಂಬ ಆಸೆಯಿಂದ. ಅಲ್ಲಿ ಅಚ್ಚಿನ ಮೊಳೆ ಜೋಡಿಸುವ ಮುದುಕರು ನನ್ನ ಕೈಬರಹದ ಹಾಳೆಯನ್ನೇ ತೆಗೆದು ತೋರಿಸಿ, "ಇದ್ದಂಗೆ ಜೋಡ್ಸಿದ್ದೀವಿ ಸ್ವಾಮಿ" ಎಂದರು. ಹೊತ್ತು ಕಳೆಯಲು ಇಕ್ಕೇರಿಯವರೆಗೆ ನಡೆದು ಗುಡಿಯಲ್ಲಿ ಕೂತೆ. ಅಲ್ಲಿಯ ಕಲ್ಲಿನ ಬರಹದ ಎಡ ಅಂಚಿನಲ್ಲಿ ನನ್ನ ಬೆರಳು ತಾನಾಗಿ ಇಳಿಯುತ್ತಿರುವುದನ್ನು ಕಂಡು ಕೈ ಹಿಂದೆಗೆದೆ. ಅಲ್ಲಿಂದ ತೀರ್ಥಹಳ್ಳಿಗೆ, ಅಕ್ಕನ ಮನೆಗೆ ಹೋದೆ. ಅಲ್ಲಿ ಭಾವ ಊಟಕ್ಕೆ ಕೂತಾಗ ಬಹಳ ಸಂತೋಷದಿಂದ ಹೊಸ ಮಾಸಪತ್ರಿಕೆ ತೆಗೆದು, "ನಿನ್ನ ಲೇಖನ ಬಂಜು ನೋಡು. ಎಂತ ಚೊಲೋ ಬರದ್ದೆ. ಎರಡನೇ ಸೂತ್ರ ನಂಗೆ ಬಾಳ ಹಿಡಿಸ್ತು" ಎಂದರು. ನಾನು ಅವತ್ತು ಮಜ್ಜಿಗೆ ಅನ್ನಕ್ಕೆ ಕಾಯದೆ ಎದ್ದೆ.

ಎಂಟು ದಿನ ಕಳೆದು ಮನೆಗೆ ಬಂದಾಗ ಭವಾನಿ, "ಮೇಷ್ಟ್ರು ಎರಡು ಸಲ ಬಂದು ಕೇಳಿಕಂಡು ಹೋದ್ರು. ಊರಲ್ಲಿ ಇಲ್ಲೆ ಹೇಳಿದಿ. ಇನ್ನೊಂದು ಸಲ ಬಂದ್ರೆ ನಂಗೆ ಸುಳ್ಳು ಹೇಳಲೆ ಬತ್ತಿಲ್ಲೆ" ಎಂದಳು. ಕೈಕಾಲು ತೊಳೆದು, ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಹೋದೆ. ವರ್ಷಗಟ್ಟಲೆ ಅರ್ಜಿ ಬರೆದವನಿಗೆ ಕ್ಷಮಾಪಣೆಯ ಒಕ್ಕಣೆ ತಿಳಿಯದ್ದಲ್ಲ. ಆದರೆ ಮೇಷ್ಟರ ಮನೆಯ ಜಗಲಿ ಹತ್ತುವಷ್ಟರಲ್ಲಿ ಎಲ್ಲ ಮರೆತುಹೋಗಿ, "ಮೇಷ್ಟ್ರೆ, ತಪ್ಪಾಯ್ತು" ಎಂಬುದಷ್ಟೇ ಬಾಯಿಗೆ ಬಂತು.

"ಬಂದ್ಯಾ? ಕೂತ್ಕ" ಎಂದರು ಮೇಷ್ಟ್ರು. ತಪ್ಪಿನ ಮಾತು ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. "ನಿನ್ನ ಲೇಖನ ವಾಚನಾಲಯದಲ್ಲಿ ಓದಿದೆ. ಚೆನ್ನಾಗಿ ಬರ್ದಿದ್ದೀ. ಒಂದು ಕಡೆ ಅಲ್ಪಪ್ರಾಣ ಮಹಾಪ್ರಾಣ ಆಗಿತ್ತು, ಪೆನ್ಸಿಲಲ್ಲಿ ತಿದ್ದಿದ್ದೀನಿ. ನಿನ್ನದಲ್ಲ, ಅಚ್ಚಿನವರದ್ದು ಇರಬೇಕು."

ಅದು ನನ್ನದೇ.

"ನಂಗೆ ಶಾಲೆ ಬಿಟ್ಟ ಮಾರನೇ ದಿನ ಎದ್ದು ಎಂತ ಮಾಡೋದು ಅಂತ ಗೊತ್ತಾಗ್ಲಿಲ್ಲ. ಗಂಟೆ ಹೊಡೆಯೋ ಹೊತ್ತಿಗೆ ಕೋಟು ಹಾಕ್ಕಂಡು ಬಾಗಿಲ ತನಕ ಹೋಗಿ ವಾಪಸ್ ಬಂದೆ. ಆಮೇಲೆ ನೀನು ಬರ್ದದ್ದು ಓದಿದೆ ನೋಡು. ಬಿಡುವು ಸಿಕ್ಕಿದ ಕೂಡ್ಲೆ, ಬಹಳ ಕಾಲದಿಂದ ಅರ್ಧಕ್ಕೆ ನಿಂತ ಕೆಲಸ ಮೊದಲು ಮುಗಿಸ್ಬೇಕು ಅಂತ. ಸರಿ ಅನ್ನಿಸ್ತು. ನಂದು ಒಂದೇ ಒಂದು ನಿಂತಿತ್ತು."

ಅವರು ಒಳಗೆ ಹೋಗಿ ಚೌಕಟ್ಟು ತಂದರು. ಸಭೆಯಲ್ಲಿ ಕೊಟ್ಟದ್ದೇ. ನಾನು ಕಣ್ಣು ಮುಚ್ಚಿಕೊಳ್ಳಬೇಕೆಂದಿದ್ದೆ. ಆದರೆ ಗಾಜಿ​ನೊಳಗೆ ಅಚ್ಚಿನ ಅಕ್ಷರ ಇರಲಿಲ್ಲ. ಹಾಳೆಯನ್ನು ಹೊರಳಿಸಿ ಹಾಕಿದ್ದರು. ಅದರ ಖಾಲಿ ಬೆನ್ನಿನ ಮೇಲೆ ದುಂಡಕ್ಷರದಲ್ಲಿ ನಾಲ್ಕು ಸಾಲು ಇತ್ತು. "ಕಾಗದ ಎಲ್ಲೂ ಸಿಗದಿಲ್ಲ. ಇದರ ಹಿಂದೆ ಜಾಗ ಇತ್ತು" ಎಂದು ಹೇಳಿ, ಮೇಷ್ಟ್ರು ನನ್ನ ತೋರುಬೆರಳನ್ನು ಹಿಡಿದುಕೊಂಡರು. ನನಗೆ ಮೀಸೆ ನರೆಯುತ್ತಿರುವ ವಯಸ್ಸು. ಅವರು ಅದನ್ನು ಲೆಕ್ಕಿಸದೆ ಬೆರಳನ್ನು ಗಾಜಿನ ಎಡ ಅಂಚಿನಲ್ಲಿಟ್ಟು ಮೆಲ್ಲಗೆ ಇಳಿಸಿದರು.

ಗರಿಯ ಲೆಕ್ಕಣಿ ಹಿಡಿದ ಕೈಯ ಗು
ಣವನು ಬಲ್ಲೆನು ಮೊದಲ ದಿನದಲೆ
ಪದವ ಹುಡುಕುತ ಎಲ್ಲೆ ಅಲೆದರು
ತಿರುಗಿ ಬರುವನು ಬಿಡುವು ಸಿಕ್ಕರೆ

"ಪದ ಮುರಿದಿದ್ದೀರಿ" ಎಂದೆ.

"ಹೌದು ಮಾರಾಯ. ಮೂವತ್ತೈದು ವರ್ಷ ಮುರೀಬೇಡಿ ಅಂತ ನಿಮ್ಮ ಗೆಣ್ಣಿಗೆ ಹೊಡ್ದೆ. ಆ ಹಟ ಬಿಟ್ಟಿದ್ರೆ ನಿಂಗೆ ಅವತ್ತೇ ಬರ್ದುಕೊಡಬಹುದಿತ್ತು. ನೀನು ಅಳ್ತಾ ಹೋಗಿದ್ದೆ. ಅದು ಮನಸ್ಸಲ್ಲಿ ಇತ್ತು." ಅವರು ಚೌಕಟ್ಟನ್ನು ನನ್ನ ಕೈಗಿಟ್ಟರು. "ತಗ. ಇನ್ನು ನಂದೇನೂ ನಿಂತಿಲ್ಲ."

ನಾನು ಆ ಜಗಲಿಯಲ್ಲಿ ಅತ್ತೆ. ಹತ್ತು ವರ್ಷದವನಾಗಿದ್ದಾಗ ಅತ್ತದ್ದಕ್ಕೆ ಒಂದು ಮರ್ಯಾದೆಯಾದರೂ ಇತ್ತು, ಅವತ್ತು ನನಗೆ ಅನ್ಯಾಯವಾಗಿತ್ತು. ಈಗ ಹಾಗೆ ಹೇಳಿಕೊಳ್ಳಲೂ ಮುಖವಿಲ್ಲ. ನನ್ನ ಲೇಖನವನ್ನು ಓದಿ ಅದರಂತೆ ನಡೆದ ಮನುಷ್ಯ ಈ ಸೀಮೆಯಲ್ಲಿ ಅವರೊಬ್ಬರೇ. ಅವರು ಮುರಿದದ್ದು ಪದ, ನಾನು ಮುರಿದದ್ದು ಮಾತು. ತಮ್ಮ ಣಕಾರದ ವಿಷಯ ಅವರು ಎತ್ತಲೇ ಇಲ್ಲ. ನಾನು ಹೊರಡುವಾಗ ಬಾಗಿಲವರೆಗೆ ಬಂದು, "ಬರೀತಾ ಇರು" ಎಂದರು, ಅಷ್ಟೇ.

ಆ ಚೌಕಟ್ಟು ಈಗ ನಾನು ಬರೆಯಲು ಕೂರುವ ಜಾಗದ ಎದುರಿಗೆ, ಮೊದಲು ವೇಳಾಪಟ್ಟಿ ಇದ್ದ ಕಡೆ ತೂಗುತ್ತದೆ. ಬಂದವರೆಲ್ಲ ಓದಿ, ಎಂಥ ಗುರುಗಳು, ನೀವೂ ಎಷ್ಟು ಪ್ರೀತಿ ಗಳಿಸಿದ್ದೀರಿ ಎನ್ನುತ್ತಾರೆ. ಅದರ ಬೆನ್ನಿಗೆ ಏನಿದೆ ಎಂದು ಹೊರಗಿನವರಿಗೆ ಗೊತ್ತಿಲ್ಲ, ಊರಿನವರು ಗೊತ್ತಿದ್ದೂ ಕೇಳುವುದಿಲ್ಲ. ಮೇಷ್ಟರಿಗೆ ಕೊಡಬೇಕಾದ ಪದ್ಯವನ್ನು ಮರುದಿನವೇ ಶುರುಮಾಡಿದೆ. ಗುಣಪಾಲರಿಗೆ, ಆರು ಅಕ್ಷರ, ಆರು ಸಾಲು. ಪದ ಮುರಿಯಲು ಅವರೇ ಅಪ್ಪಣೆ ಕೊಟ್ಟ ಮೇಲೆ ಣಕಾರದ ತೊಂದರೆಯೂ ಇಲ್ಲ. ಎರಡು ಸಾಲು ಆಗಿದೆ. ಪಾ ಎಂದು ಬರೆದು ನಿಲ್ಲಿಸಿದ್ದೆ, ನಡುವೆ ಈ ಪ್ರಬಂಧ ಬಂತು.

ಇದನ್ನು ಬರೆಯುವ ಹೊತ್ತಿನಲ್ಲಿ ಅದನ್ನು ಮುಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈಗ ತಾನೆ ಭವಾನಿ ಬಂದು, "ಎಂತ ಬರೀತಾ ಇದ್ರಿ?" ಎಂದಳು. ಮೇಷ್ಟ್ರ ವಿಷಯವೇ ಎಂದೆ. "ಪದ್ಯವಾ?" ಎಂದಳು. ಅಲ್ಲ, ಪದ್ಯ ಯಾಕೆ ಆಗಲಿಲ್ಲ ಎಂಬುದರ ಬಗ್ಗೆ ಪ್ರಬಂಧ ಎಂದೆ. ಅವಳು ಗೋಡೆಯ ಹತ್ತಿರ ಹೋಗಿ, ಚೌಕಟ್ಟಿನ ಗಾಜನ್ನು ಸೆರಗಿನಿಂದ ಒರೆಸಿ, ನಾಲ್ಕನೆಯ ಸಾಲನ್ನು ಮಾತ್ರ ಗಟ್ಟಿಯಾಗಿ ಓದಿ, ಒಳಗೆ ಹೋದಳು.